ಇಎಪಿ ಕರಾರಿಗೆ ಸಹಿ ಹಾಕುವ ಮೊದಲು ಏನೇನು ನೋಡಬೇಕು? 850 ಜನರ ಕಾರ್ಖಾನೆ, ಮೂರು ಪಾಳಿ

ಬಿಡದಿ_ಎಚ್ಆರ್
ನಮಸ್ಕಾರ. ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಗೆ ನೌಕರರ ನೆರವು ಕಾರ್ಯಕ್ರಮ, ಅಂದರೆ ಇಎಪಿ, ತರುವ ತೀರ್ಮಾನವಾಗಿದೆ. ನೌಕರರು ತಮ್ಮ ತೊಂದರೆಗಳನ್ನು ಹೊರಗಿನ ಸಂಸ್ಥೆಯ ಸಮಾಲೋಚಕರ ಜೊತೆ ಗೋಪ್ಯವಾಗಿ ಮಾತಾಡುವ ಏರ್ಪಾಡು ಇದು. ಒಟ್ಟು 850 ಜನ. ಕಚೇರಿಯಲ್ಲಿ 230, ಶಾಪ್ ಫ್ಲೋರಿನಲ್ಲಿ 620. ಆ 620ರಲ್ಲಿ 240 ಮಂದಿ ಗುತ್ತಿಗೆಯವರು. ಮೂರು ಕೊಟೇಶನ್ ಬಂದಿವೆ. ಒಂದರಲ್ಲಿ ತಲೆಗೆ ವರ್ಷಕ್ಕೆ ಇಂತಿಷ್ಟು ಅಂತ ದರ, ಎರಡನೆಯದರಲ್ಲಿ ನಡೆದ ಸೆಷನ್‌ಗಷ್ಟೇ ಬಿಲ್, ಮೂರನೆಯದು ಬರೀ ಆ್ಯಪ್, ಎಲ್ಲಕ್ಕಿಂತ ಅಗ್ಗ. ಮೂವರೂ "ಸಂಪೂರ್ಣ ಗೋಪ್ಯ" ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಅದನ್ನು ಪರೀಕ್ಷಿಸುವುದು ಹೇಗೆ? ಯಾವ ದರದ ಲೆಕ್ಕ ಒಳ್ಳೆಯದು? ಫ್ಲೋರಿನವರು ಬಳಸಬೇಕಾದರೆ ಏನು ಬೇಕು? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

ಸಮಾಲೋಚಕಿ_ಮೈಸೂರು
ಗೋಪ್ಯತೆ ಪರೀಕ್ಷಿಸಬೇಕಾದರೆ ಒಂದು ಕರೆಯ ಬೆನ್ನುಹತ್ತಿ ಹೋಗಿ. ಹೆಸರು, ನಂಬರು, ತಾರೀಖು ಎಲ್ಲೆಲ್ಲಿ ಉಳಿಯುತ್ತದೆ ಅಂತ ಹೆಜ್ಜೆಹೆಜ್ಜೆಗೂ ವೆಂಡರನ್ನು ಕೇಳಿ.

ಮೊದಲ ಹೆಜ್ಜೆ, ಕರೆ ಮಾಡಿದವರು ನಿಮ್ಮ ನೌಕರರೇ ಅಂತ ಗುರುತಿಸುವುದು. ಬಹುಪಾಲು ಗುಟ್ಟು ಇಲ್ಲೇ ಸೋರುತ್ತದೆ. ಕೆಲವರು ಎಂಪ್ಲಾಯೀ ನಂಬರ್ ಕೇಳುತ್ತಾರೆ. ಅದನ್ನು ಕೇಳಿದ ಕೂಡಲೇ ಫ್ಲೋರಿನವರು ಫೋನ್ ಇಡುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಕಂಪನಿಯ ಇಮೇಲಿಗೆ ಒಟಿಪಿ ಕಳಿಸುವ ಪದ್ಧತಿ ಇನ್ನೂ ಕೆಟ್ಟದ್ದು: ಫ್ಲೋರಿನವರಿಗೆ ಆ ಇಮೇಲೇ ಇರುವುದಿಲ್ಲ, ಕಚೇರಿಯವರ ಮೇಲ್‌ಬಾಕ್ಸ್ ಐಟಿ ವಿಭಾಗದ ಕೈಯಲ್ಲಿರುತ್ತದೆ. ಕಂಪನಿಯ ಹೆಸರು ಮತ್ತು ಘಟಕದ ಒಂದು ಸಾಮಾನ್ಯ ಕೋಡ್, ಇಷ್ಟು ಸಾಕು. ಹೊರಗಿನವರು ನಾಲ್ಕು ಜನ ಬಳಸಿದರೂ ಆಗುವ ನಷ್ಟ ಸಣ್ಣದು.

ಎರಡನೆಯದು ಮೊದಲ ಹತ್ತು ನಿಮಿಷ. ಯಾವ ಭಾಷೆಯಲ್ಲಿ ಮಾತಾಡುತ್ತೀರಿ, ಈಗ ಮಾತಾಡಲು ಏಕಾಂತ ಇದೆಯೇ, ಕರೆ ಕಡಿದುಹೋದರೆ ಈ ನಂಬರಿಗೆ ತಿರುಗಿ ಮಾಡಬಹುದೇ, ಮನೆಯವರು ಎತ್ತಿದರೆ ಏನು ಹೇಳಬೇಕು. ಆಮೇಲೆ ಗೋಪ್ಯತೆಯ ಮಿತಿಗಳು. ಆಮೇಲೆ ಜೀವದ ಅಪಾಯದ ಪ್ರಶ್ನೆ. ಇದನ್ನು ಸುತ್ತಿಬಳಸಿ ಕೇಳಬಾರದು. "ಸಾಯಬೇಕು ಅಂತ ಯೋಚನೆ ಬಂದಿದೆಯಾ?" ಅಂತ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವ ಭಯಕ್ಕೆ ಆಧಾರವಿಲ್ಲ. ಕೊನೆಗೆ ಒಂದು ಕೇಸ್ ನಂಬರ್ ಕೊಡಬೇಕು, ಅದು ಎಂಪ್ಲಾಯೀ ನಂಬರಿನಿಂದ ಹುಟ್ಟಿದ್ದಾಗಿರಬಾರದು. ಅಪಾಯವಿದ್ದರೆ ಆ ಕರೆಯಲ್ಲೇ ಸಮಾಲೋಚಕರಿಗೆ ದಾಟಿಸಬೇಕು. ಇಲ್ಲದಿದ್ದರೆ 3 ಕೆಲಸದ ದಿನದೊಳಗೆ ಮೊದಲ ಸೆಷನ್. ಈ ಅವಧಿಗಳು ಕರಾರಿನಲ್ಲಿ ಅಂಕಿಯಾಗಿಯೇ ಇರಲಿ, "ಆದಷ್ಟು ಬೇಗ" ಅನ್ನುವ ಮಾತಿಗೆ ಬೆಲೆಯಿಲ್ಲ.

ಕಂಪನಿ ಕೊಟ್ಟ ಸಿಮ್‌ನಿಂದ ಮಾಡಿದ ಕರೆ ಬಿಲ್ಲಿನಲ್ಲಿ ಕಾಣುತ್ತದೆ. ಕಂಪನಿಯ ವೈಫೈಯಲ್ಲಿ ಆ್ಯಪ್ ತೆರೆದರೆ ಯಾವ ಸೇವೆಗೆ ಜೋಡಣೆಯಾಯಿತು ಅಂತ ಲಾಗ್‌ನಲ್ಲಿ ಉಳಿಯುತ್ತದೆ. ಸ್ವಂತ ಫೋನು, ಸ್ವಂತ ಡೇಟಾ ಬಳಸಿ ಅಂತ ಪೋಸ್ಟರಿನಲ್ಲೇ ಹಾಕಿ.

ಕರಾರು_ಕಣ್ಣು
ದರದ ವಿಷಯ ನಾನು ಬರೆಯುತ್ತೇನೆ. ಇಲ್ಲಿನ ರೂಪಾಯಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ನಿಮ್ಮ ಕೊಟೇಶನ್ನಿನ ಅಂಕಿ ಹಾಕಿ ನೋಡಿಕೊಳ್ಳಿ.

ತಲೆಗೆ ವರ್ಷಕ್ಕೆ ₹500 ಅಂದರೆ 850 ಜನಕ್ಕೆ ₹4,25,000. ನೂರಕ್ಕೆ 4 ಜನ ಬಳಸಿದರು, ಒಬ್ಬೊಬ್ಬರು 3 ಸೆಷನ್ ತೆಗೆದುಕೊಂಡರು ಅಂತಿಟ್ಟುಕೊಳ್ಳಿ: 34 ಜನ, 102 ಸೆಷನ್. ಒಂದು ಸೆಷನ್ನಿಗೆ ಸುಮಾರು ₹4,167 ಬಿತ್ತು. ಅದೇ ನೂರಕ್ಕೆ 10 ಜನ ಬಳಸಿದರೆ 255 ಸೆಷನ್, ಆಗ ₹1,667. ಎರಡನೆಯ ವೆಂಡರ್ ಸೆಷನ್ನಿಗೆ ₹1,500 ಕೇಳಿದರೆ 102ಕ್ಕೆ ₹1,53,000, 255ಕ್ಕೆ ₹3,82,500. ವರ್ಷಕ್ಕೆ ಸುಮಾರು 283 ಸೆಷನ್ ದಾಟಿದ ಮೇಲಷ್ಟೇ ತಲೆಲೆಕ್ಕದ್ದು ಅಗ್ಗ.

ಹಾಗಂತ ಕಣ್ಣುಮುಚ್ಚಿ ಎರಡನೆಯದಕ್ಕೆ ಹೋಗಬೇಡಿ. ತಲೆಲೆಕ್ಕದಲ್ಲಿ ಜನ ಕಡಿಮೆ ಬಳಸಿದಷ್ಟೂ ವೆಂಡರಿಗೆ ಲಾಭ. ಸೆಷನ್ ಲೆಕ್ಕದಲ್ಲಿ ಜನ ಕಡಿಮೆ ಬಳಸಿದಷ್ಟೂ ಕಂಪನಿಗೆ ಉಳಿತಾಯ, ಹಾಗಾಗಿ ಮಾರ್ಚ್ ಹತ್ತಿರ ಬಂದಂತೆ ಪೋಸ್ಟರ್ ಒಂದೊಂದಾಗಿ ಮಾಯವಾಗುತ್ತವೆ. ನನ್ನ ಸಲಹೆ ಮಿಶ್ರ ಕರಾರು. ಸಹಾಯವಾಣಿ, ಸೂಪರ್‌ವೈಸರ್ ತರಬೇತಿ, ಆನ್‌ಸೈಟ್ ದಿನಗಳಿಗೆ ನಿಗದಿ ಮೊತ್ತ. ಸೆಷನ್ನಿಗೆ ಬಳಸಿದಷ್ಟು, ಆದರೆ ಬಜೆಟ್ ಮುಗಿಯಿತು ಅಂತ ಯಾರ ಸೆಷನ್ನೂ ನಡುವೆ ನಿಲ್ಲಬಾರದು.

"6 ಸೆಷನ್ ಉಚಿತ" ಅಂದರೆ ವರ್ಷಕ್ಕೆ ಆರೋ, ಒಂದೊಂದು ಸಮಸ್ಯೆಗೆ ಆರೋ? ಜನವರಿಯಲ್ಲಿ ನಿದ್ದೆ ಬಾರದೆ ಬಂದವರು ಆಗಸ್ಟ್‌ನಲ್ಲಿ ತಂದೆ ತೀರಿಕೊಂಡಾಗ ಮತ್ತೆ ಬರಬಹುದೇ? ಬರೆಸಿಕೊಳ್ಳಿ. ಏಳನೆಯದರಿಂದ ಅದೇ ಸಮಾಲೋಚಕರು ಸ್ವಂತ ಫೀಸು ತೆಗೆದುಕೊಂಡು ಮುಂದುವರಿಸುವ ಏರ್ಪಾಡು ಇದ್ದರೆ ಅಲ್ಲಿ ಹಿತಾಸಕ್ತಿಯ ತೊಡಕಿದೆ. ಮುಂದಕ್ಕೆ ಕಳಿಸುವಾಗ ಕನಿಷ್ಠ ಮೂರು ಆಯ್ಕೆ ಕೊಡಬೇಕು, ಅದರಲ್ಲೊಂದು ಸರ್ಕಾರಿ ಆಸ್ಪತ್ರೆ ಇರಬೇಕು ಅಂತ ಕಲಂ ಹಾಕಿಸಿ.

ಪಾಳಿ_ಬಿ
ಆ್ಯಪ್ ಒಂದೇ ಇದ್ದರೆ ಸಾಕಾಗಲ್ವಾ? ಈಗ ಎಲ್ಲರ ಕೈಯಲ್ಲೂ ಫೋನ್ ಇದೆ.

ಕಾರ್ಖಾನೆ_ವೈದ್ಯೆ
ಸಾಕಾಗುವುದಿಲ್ಲ. ಒಂದೇ ಉದಾಹರಣೆ ಕೊಡುತ್ತೇನೆ. ಬಹಳಷ್ಟು ಆ್ಯಪ್‌ಗಳಲ್ಲಿ ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ ಇರುತ್ತದೆ. 9 ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. 10 ಅಥವಾ ಹೆಚ್ಚು ಬಂದರೆ ಖಿನ್ನತೆಯ ಬಗ್ಗೆ ಸರಿಯಾಗಿ ವಿಚಾರಿಸಬೇಕು, 20 ಅಥವಾ ಹೆಚ್ಚು ಬಂದರೆ ತೀವ್ರ. ಒಂಬತ್ತನೆಯ ಪ್ರಶ್ನೆ ಸತ್ತರೆ ಚೆನ್ನಾಗಿತ್ತು ಅನ್ನಿಸಿದೆಯೇ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಅನ್ನುವುದು. ಸಿ ಪಾಳಿಯ ಒಬ್ಬ ಆಪರೇಟರ್ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಅದಕ್ಕೆ "ಹೆಚ್ಚುಕಡಿಮೆ ದಿನಾ" ಅಂತ ಒತ್ತಿದ. ಪರದೆಯ ಮೇಲೆ ಏನು ಬರುತ್ತದೆ? ಉಸಿರಾಟದ ವ್ಯಾಯಾಮದ ವಿಡಿಯೋ ಬಂದರೆ ಆ ಕೊಟೇಶನ್ ಪಕ್ಕಕ್ಕಿಡಿ. ಒಟ್ಟು ಅಂಕ ಕಡಿಮೆಯಿದ್ದರೂ ಒಂಬತ್ತನೆಯದು ಸೊನ್ನೆಯಲ್ಲದಿದ್ದರೆ ಮನುಷ್ಯರು ಮಾತಾಡಿಸಬೇಕು. ಎಷ್ಟು ನಿಮಿಷದಲ್ಲಿ, ಯಾರು, ಕನ್ನಡದಲ್ಲಿ ಮಾತಾಡುತ್ತಾರಾ ಅಂತ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ.

ಸಂಘದ_ಕಾರ್ಯದರ್ಶಿ
ಎಲ್ಲ ಸರಿ, ಆದರೆ ಕಾರ್ಮಿಕರ ಕಡೆಯಿಂದ ಮೂರು ಮಾತು.

ಮೊದಲನೆಯದು ಗೇಟ್ ಪಾಸ್. ಅದರಲ್ಲಿ "ಕಾರಣ" ಅನ್ನುವ ಕಾಲಂ ಇರುತ್ತದೆ. ಅಲ್ಲಿ "ಕೌನ್ಸೆಲಿಂಗ್" ಅಂತ ಬರೆದರೆ ಸೆಕ್ಯುರಿಟಿಗೆ, ಟೈಮ್ ಆಫೀಸಿಗೆ, ಲೈನ್ ಲೀಡರಿಗೆ, ಊಟದ ಹೊತ್ತಿಗೆ ಇಡೀ ಲೈನಿಗೆ ಗೊತ್ತು. ಬಾಕಿಯವರು ಆಸ್ಪತ್ರೆಗೆ ಹೋಗುವಾಗ ಬರೆಯುವ ಪದವೇ ಇಲ್ಲೂ ಇರಲಿ. ಆ ಒಂದು ಗಂಟೆಗೆ ಸಂಬಳ ಕಟ್ ಆಗಬಾರದು.

ಎರಡನೆಯದು, "ಕೌನ್ಸೆಲಿಂಗಿಗೆ ಹೋಗು, ಇಲ್ಲದಿದ್ದರೆ ಚಾರ್ಜ್‌ಶೀಟ್" ಅನ್ನುವ ಬೆದರಿಕೆ. ಹೋದದ್ದಾಗಲೀ ಹೋಗದೇ ಇದ್ದದ್ದಾಗಲೀ ಶಿಸ್ತುಕ್ರಮದ ಕಡತಕ್ಕೆ ಬರಬಾರದು ಅಂತ ನೀತಿಯಲ್ಲಿ ಇರಬೇಕು. ಸಂಘದ ಜೊತೆ ಕೂತು ಈ ನೀತಿ ಬರೆಯಿರಿ. ಸಂಘ ಇಲ್ಲದ ಕಡೆ ವರ್ಕ್ಸ್ ಕಮಿಟಿ, ಅಂದರೆ ಆಡಳಿತ ಮತ್ತು ಕಾರ್ಮಿಕರ ಪ್ರತಿನಿಧಿಗಳ ಸಮಿತಿ, ಇದ್ದರೆ ಅಲ್ಲಿ ಮಂಡಿಸಿ.

ಮೂರನೆಯದು ಗುತ್ತಿಗೆಯ ಆ 240 ಜನ. ಅವರನ್ನು ಬಿಟ್ಟರೆ ಒಂದೇ ಯಂತ್ರದ ಎರಡು ಬದಿ ನಿಂತವರಲ್ಲಿ ಒಬ್ಬರಿಗೆ ನಂಬರು ಇದೆ, ಇನ್ನೊಬ್ಬರಿಗೆ ಇಲ್ಲ. ಗುತ್ತಿಗೆದಾರರು ಬದಲಾದಾಗಲೂ ನಡೆಯುತ್ತಿರುವ ಸೆಷನ್‌ಗಳು ಪೂರ್ತಿ ಆಗಬೇಕು. ಕೆಲಸ ಬಿಟ್ಟವರಿಗೂ ಇದೇ ಅನ್ವಯಿಸಲಿ.

ಇನ್ನೊಂದು ಮಾತು ಸೇರಿಸಬೇಕು. ಟಾರ್ಗೆಟ್ ಏರಿಸಿ, ವಾರದ ರಜೆ ಕಿತ್ತುಕೊಂಡು, ಜೊತೆಗೊಂದು ಸಹಾಯವಾಣಿ ನಂಬರು ಕೊಟ್ಟರೆ ಯಾರಿಗೂ ನೆಮ್ಮದಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಂದ ಕೆಲಸದ ಜಾಗದ ಮಾನಸಿಕ ಆರೋಗ್ಯದ ಮಾರ್ಗಸೂಚಿಯಲ್ಲಿ ಕೆಲಸದ ಹೊರೆ, ಪಾಳಿ, ಕೆಲಸದ ಮೇಲೆ ನೌಕರರಿಗಿರುವ ಹಿಡಿತ ಇವನ್ನು ಸರಿಪಡಿಸುವ ಶಿಫಾರಸು ಇದೆ, ಮೇಲ್ವಿಚಾರಕರ ತರಬೇತಿಯೂ ಇದೆ. ಐಎಸ್ಒ 45003 ಅನ್ನುವ 2021ರ ಮಾನದಂಡವೂ ಇಂಥ ಅಪಾಯಗಳ ಕುರಿತೇ ಇದೆ.

ಸಮಾಲೋಚಕಿ_ಮೈಸೂರು
ಕಾರ್ಯದರ್ಶಿಗಳು ಹೇಳಿದ ಎರಡನೆಯ ಮಾತಿಗೆ ಸೇರಿಸುತ್ತೇನೆ. ಜನ ಬರುವ ದಾರಿ ಮೂರು: ತಾವಾಗಿ ಬರುವುದು, ಸೂಪರ್‌ವೈಸರ್ "ಒಮ್ಮೆ ಮಾತಾಡಿ ನೋಡು" ಅಂದದ್ದಕ್ಕೆ ಬರುವುದು, ಲಿಖಿತವಾಗಿ ಕಳಿಸುವುದು. ಮೂರನೆಯದರಲ್ಲಿ ನೌಕರರು ಓದಿ ಸಹಿ ಹಾಕಿದ ಒಪ್ಪಿಗೆ ಪತ್ರ ಬೇಕು. ಹಾಕಿದರೂ ಕಂಪನಿಗೆ ತಿಳಿಸಬಹುದಾದದ್ದು ಎರಡೇ: ಬಂದರೋ ಇಲ್ಲವೋ, ಮುಂದಿನ ದಿನ ನಿಗದಿಯಾಗಿದೆಯೋ ಇಲ್ಲವೋ. ಏನು ಮಾತಾಡಿದರು ಅನ್ನುವುದು ಯಾವ ಕಾರಣಕ್ಕೂ ಹೋಗುವುದಿಲ್ಲ. ಈ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಒಂದು ಪುಟ ಮೀರದಿರಲಿ, ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು ಅಂತ ಅದರಲ್ಲೇ ಇರಲಿ.

ಸೂಪರ್‌ವೈಸರ್‌ಗಳಿಗೆ ಎರಡು ಗಂಟೆ ತರಬೇತಿ ಕೊಟ್ಟರೂ ಕೊನೆಗೆ ಅವರಿಗೆ ಬೇಕಾಗುವುದು ಬಾಯಿಗೆ ಬರುವಂಥ ನಾಲ್ಕು ವಾಕ್ಯ. ಕೆಲಸದಲ್ಲಿ ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಬೇಕು. "ನೋಡಪ್ಪಾ, ಈ ತಿಂಗಳು ನಾಲ್ಕು ಸಲ ತಡವಾಗಿ ಬಂದಿದ್ದೀಯ. ಎರಡು ಲಾಟಿನಲ್ಲಿ ಗೇಜ್ ಚೆಕ್ ಬಿಟ್ಟುಹೋಗಿದೆ. ಮೊದಲು ಹೀಗಿರಲಿಲ್ಲ. ಏನಾದರೂ ತೊಂದರೆ ಇದ್ದರೆ ಈ ನಂಬರಿಗೆ ಮಾತಾಡು, ಮಾಡಿದೆಯೋ ಇಲ್ಲವೋ ನನಗೆ ಗೊತ್ತಾಗಲ್ಲ. ಸೋಮವಾರ ಕೆಲಸದ ಬಗ್ಗೆ ಮತ್ತೆ ಕೂತು ಮಾತಾಡೋಣ." ಇಷ್ಟೇ. "ನೀನು ಕುಡೀತಿದ್ದೀಯಾ", "ಮನೇಲಿ ಜಗಳಾನಾ", "ಡಿಪ್ರೆಶನ್ ಇರಬೇಕು" ಅಂತ ರೋಗ ಊಹಿಸುವುದು ಸೂಪರ್‌ವೈಸರ್ ಕೆಲಸ ಅಲ್ಲ.

ಬಿಡದಿ_ಎಚ್ಆರ್
ಸಮಾಲೋಚಕಿ ಮೇಡಂ, ಸಮಾಲೋಚಕರ ಅರ್ಹತೆ ಹೇಗೆ ನೋಡುವುದು? ವೆಂಡರ್ "200 ತಜ್ಞರ ಜಾಲ" ಅನ್ನುತ್ತಾರೆ.

ಸಮಾಲೋಚಕಿ_ಮೈಸೂರು
200 ಇರಲಿ, ನಿಮ್ಮ ಖಾತೆಗೆ ಕೂರುವ ಎಂಟು ಹತ್ತು ಜನರ ಪಟ್ಟಿ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹಾಕಿಕೊಂಡವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಉಳಿದವರಲ್ಲಿ ಮನಃಶಾಸ್ತ್ರದ ಸ್ನಾತಕೋತ್ತರ ಪದವಿ, ಅಥವಾ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂಎಸ್‌ಡಬ್ಲ್ಯು. ಎರಡು ವಾರದ ಸರ್ಟಿಫಿಕೇಟ್ ಕೋರ್ಸು ಸಾಲದು. ತಿಂಗಳಿಗೆ ಎಷ್ಟು ಗಂಟೆ ಹಿರಿಯರ ಮೇಲ್ವಿಚಾರಣೆ ನಡೆಯುತ್ತದೆ, ಯಾರು ನಡೆಸುತ್ತಾರೆ ಅಂತ ಕೇಳಿ. ಉತ್ತರ ತಡವರಿಸಿದರೆ ಅಲ್ಲಿ ಮೇಲ್ವಿಚಾರಣೆಯೇ ಇಲ್ಲ.

ಕಾನೂನಿನ ಒಂದು ಸೂಕ್ಷ್ಮವೂ ಇದೆ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರ 23ನೇ ಕಲಂ ಗೋಪ್ಯತೆಯ ಹೊಣೆಯನ್ನು ಚಿಕಿತ್ಸೆ ಕೊಡುವ ಆರೋಗ್ಯ ವೃತ್ತಿಪರರ ಮೇಲೆ ಹೊರಿಸುತ್ತದೆ. ಸಹಾಯವಾಣಿಯಲ್ಲಿ ಫೋನ್ ಎತ್ತುವವರು, ಅಪಾಯಿಂಟ್‌ಮೆಂಟ್ ಹಾಕುವವರು, ಸಾಫ್ಟ್‌ವೇರ್ ನೋಡಿಕೊಳ್ಳುವವರು ಆ ಪದದೊಳಗೆ ಬರುತ್ತಾರಾ ಅನ್ನುವುದು ವಾದದ ವಿಷಯ. ವಾದಕ್ಕೆ ಜಾಗ ಕೊಡದೆ, ಅದೇ ಹೊಣೆ ವೆಂಡರಿನ ಪ್ರತಿಯೊಬ್ಬ ಸಿಬ್ಬಂದಿಗೂ ಅನ್ವಯಿಸುತ್ತದೆ ಅಂತ ಕರಾರಿನಲ್ಲೇ ಬರೆದುಬಿಡಿ.

ಕರಾರು_ಕಣ್ಣು
ಇನ್ನು ಎರಡು ಕಾಗದ, ವರದಿ ಮತ್ತು ಬಿಲ್. ಸಮಾಲೋಚಕರು ಬಾಯಿ ಬಿಡದಿದ್ದರೂ ಇವು ಬಾಯಿ ಬಿಡುತ್ತವೆ.

ಮೂರು ತಿಂಗಳ ವರದಿಯಲ್ಲಿ ಒಂದು ಸಾಲು ಹೀಗೆ ಬಂತು ಅಂದುಕೊಳ್ಳಿ: "ಪೇಂಟ್ ಶಾಪ್, ಮಹಿಳೆ, 1, ಗಂಡನ ಹಿಂಸೆ." ಪೇಂಟ್ ಶಾಪಿನಲ್ಲಿ ಇರುವುದೇ ಇಬ್ಬರು ಹೆಂಗಸರು. ಹೆಸರು ಹಾಕದೆಯೂ ಹೆಸರು ಹೇಳಿದಂತಾಯಿತು. ಆದ್ದರಿಂದ 10ಕ್ಕಿಂತ ಕಡಿಮೆ ಇರುವ ಯಾವ ಗುಂಪಿನ ಅಂಕಿಯೂ ವರದಿಯಲ್ಲಿ ಕಾಣಬಾರದು. ಇಷ್ಟಕ್ಕೇ ನಿಲ್ಲಿಸಬೇಡಿ. ಒಟ್ಟು 34 ಅಂತ ಕೊಟ್ಟು, ಅಸೆಂಬ್ಲಿ 18, ಕಚೇರಿ 14 ಅಂತ ತೋರಿಸಿ, ಪೇಂಟ್ ಶಾಪ್ ಎದುರು ಗೆರೆ ಎಳೆದರೆ ಕಳೆದು ನೋಡಿದವರಿಗೆ 2 ಅಂತ ಸಿಕ್ಕೇಬಿಡುತ್ತದೆ. ಒಂದನ್ನು ಮುಚ್ಚಿದರೆ ಇನ್ನೊಂದನ್ನೂ ಮುಚ್ಚಬೇಕು, ಅಥವಾ ಎರಡನ್ನೂ ಕೂಡಿಸಿ ತೋರಿಸಬೇಕು. ವಿಭಾಗ, ಲಿಂಗ, ಸಮಸ್ಯೆ ಮೂರನ್ನೂ ಒಂದೇ ಕೋಷ್ಟಕದಲ್ಲಿ ಹೆಣೆಯಬಾರದು. 850 ಜನರ ಘಟಕಕ್ಕೆ ಆರು ತಿಂಗಳಿಗೊಂದು ವರದಿ ಸಾಕು.

ಬಿಲ್ಲಿನ ಕಥೆಯೂ ಇದೇ. ಸೆಷನ್ ಲೆಕ್ಕದ ಕರಾರಿನಲ್ಲಿ ಅಕೌಂಟ್ಸ್‌ನವರು "ಸಪೋರ್ಟಿಂಗ್ ದಾಖಲೆ ಎಲ್ಲಿ?" ಅಂತ ಕೇಳಿಯೇ ಕೇಳುತ್ತಾರೆ. ವೆಂಡರ್ ದುಡ್ಡು ನಿಂತುಹೋಗುತ್ತದೆ ಅಂತ ತಾರೀಖು, ಸಮಯ, ಎಂಪ್ಲಾಯೀ ಕೋಡ್ ಇರುವ ಎಕ್ಸೆಲ್ ಶೀಟ್ ಕಳಿಸುತ್ತಾರೆ. ಅಲ್ಲಿಗೆ ಮುಗಿಯಿತು. ತಾರೀಖು ಸಮಯ ಎರಡೇ ಇದ್ದರೂ ಗೇಟ್ ಪಾಸ್ ಪುಸ್ತಕದ ಪಕ್ಕ ಇಟ್ಟರೆ ಆಳು ಸಿಗುತ್ತಾನೆ. ಬಿಲ್ಲಿನಲ್ಲಿ ಇರಬೇಕಾದದ್ದು ತಿಂಗಳು, ಸೆಷನ್ ಸಂಖ್ಯೆ, ದರ, ಒಟ್ಟು. ಸಂಶಯ ಬಂದರೆ ಹೊರಗಿನ ಲೆಕ್ಕಪರಿಶೋಧಕರು ವೆಂಡರಿನ ಕಚೇರಿಗೇ ಹೋಗಿ, ಗೋಪ್ಯತೆಗೆ ಸಹಿ ಹಾಕಿ, ಮಾದರಿಗೆ ಕೆಲವು ಕೇಸ್ ನಂಬರ್ ತಾಳೆ ನೋಡಲಿ. ಇದನ್ನು ಫೈನಾನ್ಸ್ ಮುಖ್ಯಸ್ಥರ ಜೊತೆ ಮೊದಲೇ ಮಾತಾಡಿ ಒಪ್ಪಿಸಿ. ಮೊದಲ ಬಿಲ್ ಬಂದ ಮೇಲೆ ಮಾತಾಡಿದರೆ ತಡವಾಯಿತು.

ಕರಾರು ಮುಗಿದಾಗ ಕೇಸ್ ಟಿಪ್ಪಣಿಗಳು ಕಂಪನಿಗೂ ಬರಬಾರದು, ಹೊಸ ವೆಂಡರಿಗೂ ತಾವಾಗಿ ಹೋಗಬಾರದು. ಆಯಾ ವ್ಯಕ್ತಿ ಒಪ್ಪಿದರೆ ಮಾತ್ರ ವರ್ಗಾವಣೆ.

ಕಾರ್ಖಾನೆ_ವೈದ್ಯೆ
ಕುಡಿತದ ಬಗ್ಗೆ ಬರೆಯಲೇಬೇಕು. ಅಮೆರಿಕದಲ್ಲಿ ಇಎಪಿ ಹುಟ್ಟಿದ್ದೇ 1940ರ ದಶಕದ ಕಾರ್ಖಾನೆಗಳ ಕುಡಿತದ ಕಾರ್ಯಕ್ರಮಗಳಿಂದ. ಇಲ್ಲೂ ಕೇಸುಗಳು ತಪ್ಪಾಗುವುದು ಹೆಚ್ಚಾಗಿ ಇದರಲ್ಲೇ.

ಪಾಳಿಗೆ ಕುಡಿದು ಬಂದವರ ವಿಷಯದಲ್ಲಿ ಆ ಹೊತ್ತಿಗೆ ಇಎಪಿ ಉತ್ತರವಲ್ಲ. ಯಂತ್ರದಿಂದ ದೂರ ಕರೆದುಕೊಂಡು ಹೋಗಿ, ಪ್ರಥಮ ಚಿಕಿತ್ಸಾ ಕೋಣೆಯಲ್ಲಿ ಕೂರಿಸಿ, ತಲೆಗೆ ಪೆಟ್ಟು ಬಿದ್ದಿದೆಯೇ, ಸಕ್ಕರೆ ಇಳಿದಿದೆಯೇ ನೋಡಿ. ನಾಲಿಗೆ ತೊದಲುವುದಕ್ಕೆ, ಬೆವರುವುದಕ್ಕೆ ಸಕ್ಕರೆ ಇಳಿದದ್ದೂ ಕಾರಣ ಇರಬಹುದು. ಗೇಟಿನ ಹೊರಗೆ ಬಿಟ್ಟು ಬೈಕ್ ಕೀ ಕೈಗೆ ಕೊಟ್ಟು ಕಳಿಸಬೇಡಿ, ಗಾಡಿ ಮಾಡಿ ಜೊತೆಗೊಬ್ಬರನ್ನು ಕಳಿಸಿ. ಸಹಾಯದ ಮಾತು ಮರುದಿನಕ್ಕೆ.

ಬಹಳ ದಿನದಿಂದ ದಿನಾ ಹೆಚ್ಚು ಕುಡಿಯುವವರಿಗೆ "ಇವತ್ತಿಂದಲೇ ಬಿಟ್ಟುಬಿಡು" ಅನ್ನುವುದು ಅಪಾಯದ ಸಲಹೆ. ನಿಲ್ಲಿಸಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೈನಡುಕ, ಜ್ವರ, ಇಲ್ಲದ್ದು ಕಾಣುವುದು, ಗೊಂದಲ ಶುರುವಾಗಿ ಪ್ರಾಣಕ್ಕೇ ಬರಬಹುದು. ಇದನ್ನು ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ಇಳಿಸಬೇಕು, ಥಯಾಮಿನ್ ವಿಟಮಿನ್ ಕೊಡಬೇಕು. ಸಮಾಲೋಚಕರು ಮೊದಲು ಕುಡಿತದ ಮಟ್ಟ ತಿಳಿಯುವ ಆಡಿಟ್ (AUDIT) ಪ್ರಶ್ನಾವಳಿ ಹಾಕಲಿ: ವಿಶ್ವ ಆರೋಗ್ಯ ಸಂಸ್ಥೆಯದು, 10 ಪ್ರಶ್ನೆ, 40 ಅಂಕ. 8ರಿಂದ ಮೇಲೆ ಎಚ್ಚರ, 20ರಿಂದ ಮೇಲೆ ಅವಲಂಬನೆ ಇದೆಯೇ ಅಂತ ವೈದ್ಯರೇ ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ.

ಮಾತ್ರೆ ಶುರು ಮಾಡಿದವರ ವಿಷಯ ಇನ್ನೊಂದು. ಕೆಲವು ಮಾತ್ರೆಗಳಿಂದ ಮೊದಲ ಒಂದೆರಡು ವಾರ ಮಂಪರು ಇರುತ್ತದೆ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ಕುಲುಮೆ, ಹೀಟ್ ಟ್ರೀಟ್‌ಮೆಂಟ್ ಪಕ್ಕ ಬೆವರು ಸುರಿಸಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಹಾಗಂತ ಕಾಯಿಲೆಯ ಹೆಸರು ಯಾರಿಗೂ ಗೊತ್ತಾಗಬೇಕಿಲ್ಲ. ವೈದ್ಯರ ಚೀಟಿಯಲ್ಲಿ ಕೆಲಸದ ಮಿತಿ ಮಾತ್ರ ಇದ್ದರೆ ಸಾಕು: "2 ವಾರ ರಾತ್ರಿ ಪಾಳಿ ಬೇಡ, ಪ್ರೆಸ್ ಯಂತ್ರ ಬೇಡ, ಎತ್ತರದ ಕೆಲಸ ಬೇಡ." ಸೂಪರ್‌ವೈಸರಿಗೆ ಬೇಕಾದದ್ದೂ ಅಷ್ಟೇ.

ಇಎಸ್ಐ_ಕಿಟಕಿ
ಡಾಕ್ಟ್ರ ಮಾತಿನ ಮುಂದುವರಿಕೆ. ಆಸ್ಪತ್ರೆಗೆ ಸೇರಬೇಕಾದರೆ ದುಡ್ಡು, ರಜೆ ಎಲ್ಲಿಂದ? ಸಮಾಲೋಚಕರಿಗೆ ಇದು ಗೊತ್ತಿಲ್ಲದೆ ಜನ ಅರ್ಧಕ್ಕೇ ಚಿಕಿತ್ಸೆ ಬಿಡುತ್ತಾರೆ.

ತಿಂಗಳ ವೇತನ ₹21,000ದ ಒಳಗಿದ್ದವರಿಗೆ ಇಎಸ್ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇದ್ದರೆ ಕಾಯಿಲೆ ರಜೆಗೆ ವೇತನದ ಶೇ 70, ವರ್ಷಕ್ಕೆ 91 ದಿನದವರೆಗೆ. ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿ ಮನೋವಿಕಾರಗಳೂ ಇವೆ, ಸ್ಕಿಜೋಫ್ರೇನಿಯಾ ಸೇರಿ. ಎರಡು ವರ್ಷದ ನಿರಂತರ ಕೆಲಸ ಮತ್ತಿತರ ಷರತ್ತು ಪೂರೈಸಿದರೆ ವಿಸ್ತೃತ ಸೌಲಭ್ಯದಲ್ಲಿ ಶೇ 80, ಒಟ್ಟು ಎರಡು ವರ್ಷದವರೆಗೂ ಸಿಗಬಹುದು. ಗುತ್ತಿಗೆದಾರರು ವಂತಿಗೆ ಕಟ್ಟಿದ್ದಾರಾ ಅಂತ ಎಚ್ಆರ್ ತಿಂಗಳು ತಿಂಗಳು ನೋಡಬೇಕು. ಕಾಯಿಲೆ ಬಿದ್ದ ದಿನ ನೋಡಿದರೆ 78 ದಿನ ತುಂಬಿರುವುದಿಲ್ಲ.

₹21,000 ದಾಟಿದವರಿಗೆ ಗ್ರೂಪ್ ಇನ್ಶೂರೆನ್ಸ್. ಅದೇ 2017ರ ಕಾಯ್ದೆಯ 21ನೇ ಕಲಂ ಪ್ರಕಾರ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಸಿಗಬೇಕು, 2018ರ ಆಗಸ್ಟ್‌ನಲ್ಲಿ ವಿಮಾ ಪ್ರಾಧಿಕಾರ ಸುತ್ತೋಲೆಯನ್ನೂ ಹೊರಡಿಸಿದೆ. ಆದರೆ ಈ ಚಿಕಿತ್ಸೆಯ ಖರ್ಚು ಹೆಚ್ಚಾಗಿ ಹೊರರೋಗಿ ಭೇಟಿ ಮತ್ತು ಮಾತ್ರೆಯದು. ಪಾಲಿಸಿಯಲ್ಲಿ ಒಪಿಡಿ ಇಲ್ಲದಿದ್ದರೆ ಕಾಗದದ ಮೇಲಿನ ಸಮಾನತೆ ಜೇಬಿಗೆ ಬರುವುದಿಲ್ಲ. ನವೀಕರಣದ ಹೊತ್ತಿನಲ್ಲಿ ಒಪಿಡಿ ಸೇರಿಸಿ ಕೊಟೇಶನ್ ಕೇಳಿ.

ಊರಿಗೆ ಹೋಗಿ ಕೂತವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ತೊಂದರೆಗಳಿಗಾಗಿ ಮನೋಚೈತನ್ಯ ಕ್ಲಿನಿಕ್ ಇದೆ, ಮಂಗಳವಾರ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಉಚಿತ, 24 ಗಂಟೆ, ಕನ್ನಡದಲ್ಲೂ ಇದೆ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ನಿಮ್ಹಾನ್ಸ್ ಅದರ ಶಿಖರ ಕೇಂದ್ರ. ಕಂಪನಿಯ ನಂಬರನ್ನು ನಂಬದವರು ಯಾವಾಗಲೂ ಇರುತ್ತಾರೆ. ಅವರಿಗಾಗಿ 14416 ಕೂಡ ಅದೇ ಪೋಸ್ಟರಿನಲ್ಲಿರಲಿ.

ಪಾಳಿ_ಬಿ
ಕೆಲಸದ ಜಾಗದಲ್ಲೇ ಯಾರೋ ಕಿರುಕುಳ ಕೊಡ್ತಿದ್ದಾರೆ ಅಂತ ಹೆಣ್ಣುಮಗಳು ಈ ನಂಬರಿಗೆ ಹೇಳಿಕೊಂಡರೆ? ಅದು ದೂರು ಆಯ್ತಾ?

ಸಮಿತಿ_ಹೊರಸದಸ್ಯೆ
ಆಗುವುದಿಲ್ಲ, ಮತ್ತು ಅದನ್ನು ಅದೇ ಕರೆಯಲ್ಲಿ ಆಕೆಗೆ ಹೇಳಲೇಬೇಕು. ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರಲ್ಲಿ ಲಿಖಿತ ದೂರಿಗೆ ಘಟನೆಯ ದಿನದಿಂದ 3 ತಿಂಗಳ ಗಡುವಿದೆ. ಸರಣಿಯಾಗಿ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಕೆ. ಸಕಾರಣ ಇದ್ದರೆ ಇಂಥ ದೂರು ವಿಚಾರಿಸುವ ಕಂಪನಿಯ ಆಂತರಿಕ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ಸಮಾಲೋಚಕರು ಆರು ವಾರ ಸಾಂತ್ವನ ಹೇಳುತ್ತಾ ಹೋದರೆ ಆ ಗಡುವು ಸದ್ದಿಲ್ಲದೆ ಸವೆಯುತ್ತದೆ, ಆಕೆ "ಹೇಳಿದ್ದೀನಲ್ಲ" ಅಂದುಕೊಂಡೇ ಇರುತ್ತಾಳೆ. ಗಡುವಿನ ತಾರೀಖನ್ನು ಲೆಕ್ಕಹಾಕಿ ಆಕೆಗೆ ಹೇಳಿ, ಸಮಿತಿಗೆ ದೂರು ಕೊಡುವ ದಾರಿ ತಿಳಿಸಿ. ಬರೆಯಲು ಆಗದಿದ್ದರೆ ಸಮಿತಿ ನೆರವಾಗಬೇಕು ಅಂತಲೂ ಕಾಯ್ದೆಯಲ್ಲೇ ಇದೆ. ವಿಚಾರಣೆ ನಡೆಯುವಾಗ ಆಕೆ ಕೇಳಿದರೆ 3 ತಿಂಗಳವರೆಗೆ ರಜೆಯನ್ನೋ ವರ್ಗಾವಣೆಯನ್ನೋ ಸಮಿತಿ ಶಿಫಾರಸು ಮಾಡಬಹುದು.

ಆಕೆಯ ಒಪ್ಪಿಗೆ ಇಲ್ಲದೆ ಸಮಾಲೋಚಕರು ಸಮಿತಿಗೆ ಸುದ್ದಿ ದಾಟಿಸಬಾರದು. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವುದಂತೂ ಬೇಡವೇ ಬೇಡ. ಇಎಪಿ ಸಮಾಲೋಚಕರನ್ನು ಆಂತರಿಕ ಸಮಿತಿಯ ಸದಸ್ಯರನ್ನಾಗಿಯೂ ಮಾಡಬೇಡಿ.

ಬಿಡದಿ_ಎಚ್ಆರ್
ಕಾರ್ಖಾನೆಯೊಳಗೆ ಸಾವು ಅಥವಾ ದೊಡ್ಡ ಅಪಘಾತ ಆದರೆ? ಒಬ್ಬ ವೆಂಡರ್ "24 ಗಂಟೆಯೊಳಗೆ ಎಲ್ಲರಿಗೂ ಗ್ರೂಪ್ ಡಿಬ್ರೀಫಿಂಗ್" ಅಂದಿದ್ದಾರೆ.

ಸಮಾಲೋಚಕಿ_ಮೈಸೂರು
ಆ ಸಾಲನ್ನು ಹೊಡೆದುಹಾಕಿಸಿ. ಎಲ್ಲರನ್ನೂ ಕಡ್ಡಾಯವಾಗಿ ಕೂರಿಸಿ ಕಂಡದ್ದನ್ನೆಲ್ಲ ಹೇಳಿಸುವ ಪದ್ಧತಿ ಮುಂದೆ ಬರಬಹುದಾದ ಮಾನಸಿಕ ಆಘಾತದ ಕಾಯಿಲೆಯನ್ನು (ಪಿಟಿಎಸ್‌ಡಿ) ತಡೆಯುವುದಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಇದನ್ನು ಕೊಡಲೇಬೇಡಿ ಅನ್ನುತ್ತದೆ. ಬೇಕಾದದ್ದು ಮಾನಸಿಕ ಪ್ರಥಮ ಚಿಕಿತ್ಸೆ: ನೋಡು, ಕೇಳು, ಜೋಡಿಸು. ಯಾರು ನಡುಗುತ್ತಿದ್ದಾರೆ ನೋಡಿ, ನೀರು ಕೊಡಿ, ಮಾತಾಡಲು ಬಯಸಿದವರನ್ನು ಕೇಳಿಸಿಕೊಳ್ಳಿ, ಬಯಸದವರನ್ನು ಬಿಟ್ಟುಬಿಡಿ, ಮನೆಯವರಿಗೆ ಫೋನ್ ಮಾಡಿಸಿ, ಮನೆ ಮುಟ್ಟಿಸಿ. ಏನಾಯಿತು ಅನ್ನುವ ಖಚಿತ ಮಾಹಿತಿ ಆಡಳಿತದಿಂದಲೇ ಅದೇ ದಿನ ಬರಬೇಕು. ಗಾಳಿಮಾತು ಗಾಯದಷ್ಟೇ ಕಾಡುತ್ತದೆ. ಆಮೇಲೆ 3ನೇ ದಿನ, 2 ವಾರ, 4 ವಾರಕ್ಕೆ ಸಮಾಲೋಚಕರು ಸ್ಥಳದಲ್ಲಿರಲಿ. ತಿಂಗಳಾದರೂ ನಿದ್ದೆ ಬಾರದವರು, ಆ ಯಂತ್ರದ ಹತ್ತಿರ ಹೋಗಲಾಗದವರು ಇದ್ದರೆ ತಜ್ಞರಿಗೆ ಕಳಿಸಬೇಕು.

ಸಂಘದ_ಕಾರ್ಯದರ್ಶಿ
ಫ್ಲೋರಿನವರು ಬಳಸಬೇಕಾದರೆ ಅಂತ ಕೇಳಿದ್ದಿರಿ. ನೋಟಿಸ್ ಬೋರ್ಡಿನ ಮೇಲೆ ಸಿಸಿಟಿವಿ ಇದ್ದರೆ ಅದರ ಕೆಳಗೆ ನಿಂತು ಯಾರೂ ನಂಬರ್ ಬರೆದುಕೊಳ್ಳುವುದಿಲ್ಲ. ಶೌಚಾಲಯದ ಬಾಗಿಲ ಒಳಮೈಗೆ ಅಂಟಿಸಿ. ಬರೀ ಕ್ಯೂಆರ್ ಕೋಡ್ ಸಾಲದು, ಫ್ಲೋರಿಗೆ ಫೋನ್ ಬಿಡದ ಕಡೆ ನಂಬರು ಕಣ್ಣಲ್ಲೇ ನೆನಪಿಟ್ಟುಕೊಳ್ಳಬೇಕಾಗುತ್ತದೆ, ದೊಡ್ಡದಾಗಿರಲಿ. ಕನ್ನಡದ ಜೊತೆ ಹಿಂದಿ, ಒಡಿಯಾ, ಯಾವ ಭಾಷೆಯವರಿದ್ದಾರೋ ಅದು. ಬಿ ಪಾಳಿ ರಾತ್ರಿ 10ಕ್ಕೆ ಬಿಡುತ್ತದೆ, ಕನ್ನಡ ಬಲ್ಲ ಸಮಾಲೋಚಕರು 11ರ ತನಕವಾದರೂ ಇರಲಿ.

"ಮಾನಸಿಕ ಆರೋಗ್ಯ" ಅಂತ ತಲೆಬರಹ ಹಾಕಿದರೆ ತನಗಲ್ಲ ಅಂತ ದಾಟಿಹೋಗುತ್ತಾರೆ. ನಿದ್ದೆ, ಸಾಲ, ಕುಡಿತ, ಮನೆ ಜಗಳ, ಮಕ್ಕಳ ಓದು ಅಂತ ಹಾಕಿ. ಸಾಲದ ಕರೆಗಳು ಬಂದೇ ಬರುತ್ತವೆ. ಬಲವಂತದ ವಸೂಲಿ ತಡೆಯಲು 2025ರಲ್ಲಿ ಕರ್ನಾಟಕ ತಂದ ಕಿರುಸಾಲ ಕಾನೂನು ಸಮಾಲೋಚಕರಿಗೆ ಗೊತ್ತಿರಬೇಕು. ಉಚಿತ ಕಾನೂನು ನೆರವು ಪಡೆಯಲು ಕೈಗಾರಿಕಾ ಕಾರ್ಮಿಕರು ಮತ್ತು ಮಹಿಳೆಯರು ಅರ್ಹರು, 1987ರ ಕಾಯ್ದೆಯಲ್ಲಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, ಸಹಾಯವಾಣಿ 15100.

ಕರಾರು_ಕಣ್ಣು
ಸಹಿಗೆ ಮುಂಚೆ ಒಂದು ಪರೀಕ್ಷೆ. ಮೂವರು ವೆಂಡರಿನ ನಂಬರಿಗೂ ಬೇರೆಬೇರೆ ಹೊತ್ತಿನಲ್ಲಿ ಮೂರು ಮೂರು ಕರೆ: ಬೆಳಗ್ಗೆ 7, ರಾತ್ರಿ 10:30, ಭಾನುವಾರ ಮಧ್ಯಾಹ್ನ. ಎಷ್ಟನೇ ರಿಂಗಿಗೆ ಎತ್ತಿದರು, ಕನ್ನಡದವರು ಬರಲು ಎಷ್ಟು ನಿಮಿಷ, ಮೊದಲ ಪ್ರಶ್ನೆ ಎಂಪ್ಲಾಯೀ ನಂಬರೋ "ಹೇಗಿದ್ದೀರಿ"ಯೋ, ಬರೆದಿಟ್ಟುಕೊಳ್ಳಿ. ಎತ್ತಿದ ಒಂದೆರಡು ನಿಮಿಷದಲ್ಲಿ ಇದು ಪರೀಕ್ಷಾ ಕರೆ ಅಂತ ಹೇಳಿ ಲೈನ್ ಬಿಟ್ಟುಕೊಡಿ, ಹಿಂದೆ ಯಾರೋ ಕಾಯುತ್ತಿರಬಹುದು.

ಬಿಡದಿ_ಎಚ್ಆರ್
ಎಲ್ಲರಿಗೂ ಧನ್ಯವಾದ. ಆ್ಯಪ್‌ನ ಕೊಟೇಶನ್ ಬಿಡುತ್ತೇವೆ, ಮಿಶ್ರ ದರಕ್ಕೆ ಉಳಿದಿಬ್ಬರನ್ನು ಕೇಳುತ್ತೇವೆ, 240 ಜನರೂ ಸೇರುತ್ತಾರೆ. ಪೋಸ್ಟರಿಗೆ ಹೀಗೆ ಬರೆದಿದ್ದೇವೆ, ನೋಡಿ ತಿದ್ದಿ: "ನಿದ್ದೆ ಬರ್ತಿಲ್ವಾ? ಸಾಲದ ಚಿಂತೆಯಾ? ಮನೆಯಲ್ಲಿ ತೊಂದರೆಯಾ? ಈ ನಂಬರಿಗೆ ಮಾತಾಡಿ. ನೀವು ಹೇಳಿದ್ದು ಯಾರಿಗೂ ಗೊತ್ತಾಗುವುದಿಲ್ಲ."

ಸಮಾಲೋಚಕಿ_ಮೈಸೂರು
ಕೊನೆಯ ವಾಕ್ಯ ಬದಲಾಯಿಸಿ, ಅದು ಪೂರ್ತಿ ನಿಜವಲ್ಲ. ಜೀವಕ್ಕೆ ಅಪಾಯ ಇದ್ದಾಗ, ಬೇರೆಯವರಿಗೆ ಹಾನಿಯಾಗುವಂತಿದ್ದಾಗ, ನ್ಯಾಯಾಲಯ ಆದೇಶಿಸಿದಾಗ ಬೇಕಾದಷ್ಟನ್ನು ಹೇಳಬೇಕಾಗುತ್ತದೆ. "ಯಾರಿಗೂ ಇಲ್ಲ" ಅಂತ ನಂಬಿಸಿ ಒಂದೇ ಒಂದು ಸಲ ಆ್ಯಂಬುಲೆನ್ಸ್ ಕರೆಸಿದರೂ ಇಡೀ ಫ್ಲೋರ್ ನಂಬಿಕೆ ಕಳೆದುಕೊಳ್ಳುತ್ತದೆ.

ಸಂಘದ_ಕಾರ್ಯದರ್ಶಿ
ಹಾಗಾದರೆ ಹೀಗೆ ಹಾಕಿ: "ನೀವು ಫೋನ್ ಮಾಡಿದ್ದು, ಹೇಳಿದ್ದು ಸೂಪರ್‌ವೈಸರಿಗೆ, ಎಚ್ಆರ್‌ಗೆ, ಗುತ್ತಿಗೆದಾರರಿಗೆ ಹೋಗುವುದಿಲ್ಲ. ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ ಅಥವಾ ಕೋರ್ಟ್ ಕೇಳಿದರೆ ಮಾತ್ರ, ಎಷ್ಟು ಬೇಕೋ ಅಷ್ಟೇ ಹೇಳುತ್ತಾರೆ, ಆದಷ್ಟೂ ನಿಮಗೆ ತಿಳಿಸಿಯೇ ಹೇಳುತ್ತಾರೆ. ಕಂಪನಿ ಫೋನ್ ಬೇಡ, ಸ್ವಂತ ಫೋನಿನಿಂದ ಮಾಡಿ." ಕೆಳಗೆ 14416.

ಸಮಾಲೋಚಕಿ_ಮೈಸೂರು
ಇದು ಸರಿಯಾಗಿದೆ. ಗುತ್ತಿಗೆದಾರರು ಅನ್ನುವ ಪದ ಬಿಡಬೇಡಿ.